ಅವರದೇ ಭಾಷೆಯಲ್ಲಿ ವಿವರಿಸಲಾಗಿದೆ

ಸುಂಕಮ್ಮನಿಗೆ ಬರೆಯಲು ಬರುವುದು ಒಂದೇ ಪದ: ಸುಂಕಮ್ಮ. ಸಾಕ್ಷರತಾ ಆಂದೋಲನದ ಕಾಲದಲ್ಲಿ ಹರಪನಹಳ್ಳಿಯ ನಮ್ಮ ಓಣಿಯ ಗುಡಿಕಟ್ಟೆಯ ಮೇಲೆ ಮೂರು ತಿಂಗಳು ಶಾಲೆ ನಡೆಯಿತು. ಉಳಿದ ಹೆಂಗಸರೆಲ್ಲ ಅರಸ, ಆನೆ ಅಂತ ಇಡೀ ಪುಸ್ತಕ ಮುಗಿಸಿ ಮರುವರ್ಷವೇ ಮರೆತರು. ಸುಂಕಮ್ಮ ಆನೆಯ ಗೊಡವೆಗೇ ಹೋಗಲಿಲ್ಲ. ತನ್ನ ಹೆಸರೊಂದನ್ನೇ ಹಿಡಿದು ತಿದ್ದಿದಳು. ಈಗ ಆ ಸಹಿಯ ಕೊನೆಗೆ ಒಂದು ಉದ್ದನೆಯ ಬಾಲವಿದೆ, ಬಾಲದ ಕೆಳಗೆ ಎರಡು ಚುಕ್ಕೆಗಳಿವೆ. ಚುಕ್ಕೆಗಳು ಯಾಕೆ ಎಂದು ಕೇಳಿದ್ದಕ್ಕೆ, "ದೊಡ್ಡ ಸಾಹೇಬ್ರು ಹಾಕ್ತಾರಲ್ರೀ" ಎಂದಳು. ಯಾರಾದರೂ ಇಂಕಿನ ಪ್ಯಾಡು ಮುಂದೆ ಮಾಡಿದರೆ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಹೆಬ್ಬಟ್ಟು ಅಂತ ತಿಳದೀರೇನು ನನ್ನ?"

ಆ ಸಹಿಯಿಂದ ಈ ವರ್ಷ ಅವಳಿಗೆ ಅನ್ಯಾಯವಾಯಿತು. ಅದೇ ಸಹಿಯಿಂದ ಅವಳು ಇನ್ನೊಬ್ಬಳಿಗೆ ಅನ್ಯಾಯ ಮಾಡಿದಳು. ಎರಡನೆಯದನ್ನು ಅವಳೇ ಬರೆಸಿದ್ದಾಳೆ, ಹಾಗಾಗಿ ನಾನೂ ಮುಚ್ಚಿಡುವುದಿಲ್ಲ.

ಸುಂಕಮ್ಮ ಕುರಿಯವರ ಮನೆಯ ಮಗಳು. ತಂದೆ ಮೈಲಪ್ಪ ಹೊಳಲು ಕಡೆಯವನು. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಹೊಲದವರು ಕುರಿ ತರುಬಿಸಿಕೊಳ್ಳುತ್ತಾರಲ್ಲ, ಹಾಗೆ ಅವನ ಮಂದೆ ಪ್ರತಿವರ್ಷ ಒಂದು ಲಂಬಾಣಿ ತಾಂಡಾದ ಹೊಲಗಳಲ್ಲಿ ಬೀಡುಬಿಡುತ್ತಿತ್ತು. ಮೈಲಪ್ಪ ಕುರಿ ನೋಡಿಕೊಂಡ, ಮಗಳು ತಾಂಡಾದ ಹುಡುಗಿಯರ ಜೊತೆ ಕುಣಿದಳು. ಎಂಟು ವರ್ಷಕ್ಕೆಲ್ಲ ಲಂಬಾಣಿಯಲ್ಲಿ ಹಾಡುತ್ತಿದ್ದಳು, ಚೌಕಾಸಿ ಮಾಡುತ್ತಿದ್ದಳು, ತಂದೆಗೆ ತಿಳಿಯದಂತೆ ತಂದೆಯನ್ನೇ ಬೈಯುತ್ತಿದ್ದಳು. ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ನನ್ನ ಪಾಂಡಿತ್ಯಕ್ಕೆ ತಕ್ಕಂತೆ ಒಮ್ಮೆ, "ಆ ಭಾಷೆಗೆ ಲಿಪಿ ಇಲ್ಲ ಸುಂಕಮ್ಮ" ಎಂದು ತಿಳಿಸಿಕೊಟ್ಟೆ.

"ನನಗೂ ಇಲ್ಲಲ್ರೀ ಮಾಸ್ತರ" ಎಂದಳು.

ಹತ್ತೊಂಬತ್ತು ವರ್ಷ ಅವಳು ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ನರ್ಸಿಂಗ್ ಹೋಮಿನ ಹೆಸರು ಬೇಡ. ಅದರ ಯಜಮಾನರನ್ನು ಡಾಕ್ಟರ್ ಗಂಗಾಧರ್ ಎಂದು ಕರೆಯೋಣ. ಅವರು ನಮ್ಮ ಕನ್ನಡ ಬಳಗದ ಅಧ್ಯಕ್ಷರೂ ಹೌದು. ನವೆಂಬರ್ ಒಂದನೇ ತಾರೀಖು ಕೆಂಪು ಹಳದಿ ಶಾಲು ಹೊದ್ದು, "ಕನ್ನಡ ಆಡಳಿತದ ಕಟ್ಟಕಡೆಯ ಕಾಗದದವರೆಗೂ ತಲುಪುವ ತನಕ ನನಗೆ ನಿದ್ದೆಯಿಲ್ಲ" ಎಂದು ಗುಡುಗುತ್ತಾರೆ. ಆ ವಾಕ್ಯ ಬರೆದುಕೊಟ್ಟವನು ನಾನು, ಬಳಗದ ಕಾರ್ಯದರ್ಶಿ. ಚಪ್ಪಾಳೆ ಬಿದ್ದಾಗ ನಾನು ಎರಡನೇ ಸಾಲಿನಲ್ಲಿ ಕೂತು ಕೆಮ್ಮಿದ್ದೂ ಉಂಟು, ಯಾರಾದರೂ ತಿರುಗಿ ನೋಡಲಿ ಅಂತ. ಡಾಕ್ಟರಿಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ. ಅವರ ಆಸ್ಪತ್ರೆಯ ಕಟ್ಟಕಡೆಯ ಕಾಗದ ಮಾತ್ರವಲ್ಲ, ಮೊಟ್ಟಮೊದಲ ಕಾಗದವೂ ಇಂಗ್ಲಿಷಿನಲ್ಲಿದೆ.

ನಮ್ಮ ಸುತ್ತಿನ ತಾಂಡಾಗಳ ಹೆಂಗಸರಿಗೆ ಕನ್ನಡ ಬರುತ್ತದೆ. ಸಂತೆಗೆ ಸಾಕಾಗುವಷ್ಟು, ಬಸ್ಸಿಗೆ, ಕೂಲಿಗೆ ಸಾಕಾಗುವಷ್ಟು. ಒಳಗಿನ ನೋವು ಹೇಳಲು ಸಾಕಾಗುವುದಿಲ್ಲ. ಅದಕ್ಕೆ ಸುಂಕಮ್ಮ ಇದ್ದಳು. ತಾಂಡಾದವರು ಗೇಟಿನಲ್ಲಿ ಕಾಲಿಟ್ಟರೆ ಸಾಕು, "ಯಾಡಿ" ಎಂದು ಕೂಗುತ್ತಿದ್ದರು. ಅವರ ಮಾತಿನಲ್ಲಿ ತಾಯಿ ಎಂದು. ಸುಂಕಮ್ಮ ಕೈಲಿದ್ದ ಕಸಬರಿಗೆ ಗೋಡೆಗೆ ಆನಿಸಿ ಬರುತ್ತಿದ್ದಳು. ಡಾಕ್ಟರು ಕೇಳುವ ಒಂದು ಪ್ರಶ್ನೆಗೆ ಅವಳು ಅಲ್ಲಿ ಹತ್ತು ಪ್ರಶ್ನೆ ಕೇಳಿ, ಹೊಟ್ಟೆ ಹಿಡಿದು, ಬೆನ್ನು ಬಾಗಿಸಿ, ಕೊನೆಗೆ ಡಾಕ್ಟರಿಗೆ ಒಂದು ಸಾಲು ಒಪ್ಪಿಸುತ್ತಿದ್ದಳು. ಈ ಕೆಲಸಕ್ಕೆ ಆಸ್ಪತ್ರೆಯಲ್ಲಿ ಹೆಸರಿರಲಿಲ್ಲ.

ಆದರೆ ಒಂದು ಸಹಿ ಇತ್ತು. ಆಪರೇಷನ್ನಿನ ಒಪ್ಪಿಗೆ ಕಾಗದಗಳ ಕೊನೆಗೆ ಒಂದು ಖಾಲಿ ಗೆರೆ. ನರ್ಸ್ ಅಮೃತಾ ನಾಲ್ಕೈದು ಕಾಗದ ಒಟ್ಟಿಗೆ ತಂದು, "ಸುಂಕಮ್ಮಕ್ಕ, ಇಲ್ಲೊಂದು ನಿನ್ನ ಸ್ಟೈಲ್ ಸಹಿ ಹಾಕು" ಎನ್ನುತ್ತಿದ್ದಳು. ಸುಂಕಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಬಾಲ ಎಳೆದು, ಚುಕ್ಕೆ ಇಟ್ಟು ಕೊಡುತ್ತಿದ್ದಳು. ಏನಂತ ಬರೆದಿದೆ ಎಂದು ಕೇಳಲಿಲ್ಲ. ಓದಲು ಬಾರದು ಎಂದು ತೋರಿಸಿಕೊಳ್ಳುವುದು ಸಹಿ ಬರುವವಳಿಗೆ ಅವಮಾನ.

ಸೋಮ್ಲಿಬಾಯಿ ಬಂದದ್ದು ಕಳೆದ ಚಳಿಗಾಲದಲ್ಲಿ. ಹಡಗಲಿ ರಸ್ತೆಯ ತಾಂಡಾದವಳು, ಮೂವತ್ತನಾಲ್ಕು ವರ್ಷ. ಗಂಡ ಕಬ್ಬು ಕಡಿಯಲು ದೂರ ಹೋಗಿದ್ದ. ಹೊಟ್ಟೆನೋವೆಂದು ನಾದಿನಿಯ ಜೊತೆ ಬಂದಳು. ಆಪರೇಷನ್ ಆಯಿತು. ಗಡ್ಡೆ ತೆಗೆದಿದ್ದೇವೆ ಎಂದು ಹೇಳಿ ಕಳಿಸಿದರು. ಐದು ತಿಂಗಳ ಮೇಲೆ ತಿರುಗಿ ಬಂದು, ಹಿತ್ತಲಿನ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಸುಂಕಮ್ಮನನ್ನು ಮೆಲ್ಲಗೆ ಕೇಳಿದಳು: "ಯಾಡಿ, ಆವತ್ತಿನಿಂದ ಮುಟ್ಟೇ ಆಗಿಲ್ಲ. ಅದಕ್ಕೆ ಏನಾದರೂ ಗುಳಿಗೆ ಇದೆಯಾ?" ಎಲ್ಲ ಅವರ ಮಾತಿನಲ್ಲೇ.

ಸುಂಕಮ್ಮ ಹೋಗಿ ಅಮೃತಾಳನ್ನು ಕೇಳಿದಳು. ಅಮೃತಾ ಫೈಲು ತಿರುವಿ ಹಾಕಿ, "ಗರ್ಭಚೀಲಾನ ತಗದಾರಲ್ಲಕ್ಕ, ಇನ್ನೆಲ್ಲಿಂದ ಬರ್ತೈತಿ?" ಎಂದಳು.

ಆ ಮಾತನ್ನು ನರ್ಸಿನ ಟೇಬಲ್ಲಿನಿಂದ ನಲ್ಲಿಯ ತನಕ ಹೊತ್ತುಕೊಂಡು ಹೋಗಿ ಲಂಬಾಣಿಯಲ್ಲಿ ಹೇಳಬೇಕಾದವಳು ಸುಂಕಮ್ಮ. ಹೇಳಿದಳು. ಸೋಮ್ಲಿಬಾಯಿಗೆ ಇನ್ನೂ ಮಕ್ಕಳು ಬೇಕಿತ್ತೋ ಸಾಕಾಗಿತ್ತೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಕೇಳಿದ್ದರೆ ತಾನೆ?

ಇಬ್ಬರೂ ಡಾಕ್ಟರ ಕೋಣೆಗೆ ಹೋದರು. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಫೈಲು ತೆರೆದು ಬೆರಳಿಟ್ಟು ತೋರಿಸಿದರು. "ನೋಡವ್ವ, ಸುಮ್ಮನ ಆರೋಪ ಮಾಡಬ್ಯಾಡ. ಇಲ್ಲಿ ನಿನ್ನ ಹೆಬ್ಬಟ್ಟು ಐತಿ. ಇಲ್ಲಿ, ನಿನಗ ಎಲ್ಲಾ ನಿನ್ನ ಭಾಷೆಯಾಗೇ ತಿಳಿಸಿ ಹೇಳೇವಿ ಅಂತ ಐತಿ. ಹೇಳಿದೋರ ಸಹಿ ಬೇಕೇನು? ಇಗಾ, ಸುಂಕಮ್ಮ."

ಬಾಲ ಇತ್ತು. ಎರಡು ಚುಕ್ಕೆಗಳೂ ಇದ್ದವು.

ಸೋಮ್ಲಿಬಾಯಿ ಸುಂಕಮ್ಮನ ಮುಖ ನೋಡಿದಳು. ಆಮೇಲೆ ಕನ್ನಡದಲ್ಲಿ ಮಾತಾಡಿದಳು. ಸಂತೆಯಲ್ಲಿ ತಕ್ಕಡಿಯವನ ಹತ್ತಿರ ಆಡುವ ಕನ್ನಡದಲ್ಲಿ: "ಆಯಾ, ನೀನ ಹೇಳೀಯಂತಲ್ಲ. ಹೋಗ್ಲಿ ಬಿಡು."

ಆಯಾ ಎಂದಳು. ಯಾಡಿ ಎನ್ನಲಿಲ್ಲ. ತನ್ನ ಮಾತನ್ನು ಸುಂಕಮ್ಮನಿಂದ ವಾಪಸು ತೆಗೆದುಕೊಂಡು ಹೋದಳು. ಒಂದೇ ವಾರದಲ್ಲಿ ಸುದ್ದಿ ತಾಂಡಾಗಳಿಗೆಲ್ಲ ಹಬ್ಬಿತು. ಗೇಟಿನಲ್ಲಿ ಯಾರೂ ಕೂಗಲಿಲ್ಲ. ನೋವಿನಲ್ಲಿ ಬಂದವರೂ ಹರಕು ಕನ್ನಡದಲ್ಲೇ ನರಳಿದರು.

ಸುಂಕಮ್ಮ ಒಂದು ಖಾಲಿ ಫಾರ್ಮನ್ನು ಸೀರೆಯ ನೆರಿಗೆಯಲ್ಲಿ ಸಿಕ್ಕಿಸಿಕೊಂಡು ನಮ್ಮ ಮನೆಗೆ ಬಂದಳು. "ಇದರಾಗ ಕಟ್ಟಕಡೀಗೆ ಏನೈತಿ ಓದ್ರಿ. ಕನ್ನಡದಾಗ."

ಓದಿದೆ. "ಮೇಲಿನ ಎಲ್ಲ ಸಂಗತಿಗಳನ್ನು ರೋಗಿಗೆ ಅವರದೇ ಭಾಷೆಯಲ್ಲಿ ವಿವರಿಸಲಾಗಿದೆ; ಅವರಿಗೆ ಅರ್ಥವಾಗಿದೆ. ವಿವರಿಸಿದವರ ಸಹಿ."

"ಯಾರು ವಿವರ್ಸಿದ್ದು?" ಎಂದು ಕಿರುಚಿದಳು. ನಮ್ಮ ಮನೆಯಾಕೆ ಒಲೆ ಆರಿಸಿ ಹೊರಗೆ ಬಂದಳು. "ಅವತ್ತು ನಾನು ಬಾತ್‌ರೂಮ್ ತಿಕ್ಕಾಕ ಹತ್ತಿದ್ದೆ! ಕಿಟಕ್ಯಾಗಿಂದ ಕಾಗದ ಚಾಚಿದ್ರು, ಹಾಕ್ದೆ. ಹತ್ತೊಂಬತ್ತು ವರ್ಷ ಮಾಸ್ತರ! ಎಷ್ಟು ಜನರ ಹೊಟ್ಟಿ ಮ್ಯಾಲೆ ಸಹಿ ಮಾಡೀನಿ ನಾನು?"

ನಾನು ಒಂದು ಲೋಟ ಮಜ್ಜಿಗೆ ಕೊಟ್ಟೆ. ಅವಳು ಅದನ್ನು ನನ್ನ ಕಡೆಗೇ ದೂಡಿದಳು.

ಮರುದಿನ ಬೆಳಿಗ್ಗೆ ಅಮೃತಾ ಎಂದಿನಂತೆ ಕಾಗದ ತಂದಳು. ಒಳಗೆ ತಾಂಡಾದ ಒಬ್ಬ ಹೆಂಗಸು ಮಂಚದ ಮೇಲೆ ಮಲಗಿದ್ದಳು. ಸುಂಕಮ್ಮ ಸಹಿ ಹಾಕಲಿಲ್ಲ. ಡಾಕ್ಟರೇ ಬಂದರು.

"ಏನವ್ವ, ಇದು ಬರೀ ಫಾರ್ಮಾಲಿಟಿ."

"ಓದ್ರಿ ಸಾರ್. ನೀವು ಕನ್ನಡದಾಗ ಹೇಳ್ರಿ, ನಾನು ಅಕೀಗೆ ಲಂಬಾಣ್ಯಾಗ ಹೇಳ್ತೀನಿ. ಆಮ್ಯಾಲೆ ಹಾಕ್ತೀನಿ. ಅವಾಗ ಅದು ಖರೇ ಆಗ್ತೈತಿ."

ಡಾಕ್ಟರು ನಕ್ಕು ಕಾಗದ ಹಿಡಿದರು. ಇದನ್ನು ನನಗೆ ಆಮೇಲೆ ಅಮೃತಾಳೇ ಹೇಳಿದ್ದು. ಕನ್ನಡ ಬಳಗದ ಅಧ್ಯಕ್ಷರು ಮೊದಲ ಸಾಲಿನಲ್ಲಿ ಎರಡು ಕನ್ನಡ ಪದ ಆಡಿದರಂತೆ, ಎರಡನೇ ಸಾಲಿನಲ್ಲಿ "ಅಂದ್ರ... ಅದು... ಕಾಂಪ್ಲಿಕೇಷನ್ಸ್ ಅಂದ್ರ..." ಎಂದು ನಿಂತರಂತೆ. ಮೂರನೇ ಸಾಲು ಮುಟ್ಟಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಆ ಕಾಗದವನ್ನು ಯಾರಿಗೂ ಯಾವ ಭಾಷೆಯಲ್ಲೂ ಹೇಳಿರಲಿಲ್ಲವೆಂದು ಅಲ್ಲಿದ್ದವರಿಗೆಲ್ಲ ಆಗ ತಿಳಿಯಿತು. ಡಾಕ್ಟರ ಮುಖ ಕೆಂಪಾಯಿತು. "ನಾಳೆಯಿಂದ ಬರಬ್ಯಾಡ ನೀನು!"

"ನಾಳಿ ಯಾಕ? ಈಗ ಹೊಂಟೆ" ಎಂದ ಸುಂಕಮ್ಮ, ಹೋಗುವ ಮೊದಲು ಮಂಚದ ಹತ್ತಿರ ನಿಂತು ಆ ಹೆಂಗಸಿಗೆ ಲಂಬಾಣಿಯಲ್ಲಿ ಒಂದಿಷ್ಟು ಹೇಳಿದಳಂತೆ. ಅವಳು ಎದ್ದು, ತನ್ನ ಗಂಟು ಎತ್ತಿಕೊಂಡು, ಸುಂಕಮ್ಮನಿಗಿಂತ ಮೊದಲೇ ಗೇಟು ದಾಟಿದಳಂತೆ.

ಸುಂಕಮ್ಮನ ಕೆಲಸ ಹೋಯಿತು. ಅದಕ್ಕೆ ಅವಳು ಅಷ್ಟಾಗಿ ಮರುಗಲಿಲ್ಲ. "ಸೋಮ್ಲಿ ನನ್ನ ಕೂಡ ಕನ್ನಡ ಆಡಿದ್ಲು ಮಾಸ್ತರ" ಎನ್ನುತ್ತಿದ್ದಳು. ಅದನ್ನೇ ಹೇಳುತ್ತಿದ್ದಳು. ಕೊನೆಗೆ ಒಂದು ದಿನ, "ಮ್ಯಾಲಿನ ಆಫೀಸಿಗೆ ಅರ್ಜಿ ಬರಕೊಡ್ರಿ" ಎಂದಳು.

ನಾನು ರಾತ್ರಿಯೆಲ್ಲ ಕೂತು ಬರೆದೆ ಎಂದು ಹೇಳಿಕೊಳ್ಳುವ ಆಸೆಯಿದೆ. ಊಟದ ಮೊದಲು ಮುಗಿಯಿತು. ಮಾರನೆಯ ಬೆಳಿಗ್ಗೆ, ಅದನ್ನು ಸೋಮ್ಲಿಬಾಯಿಗೂ ಓದಿ ಹೇಳಲೆಂದು, ಸುಂಕಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಾಂಡಾಕ್ಕೆ ಹೋದೆ. ಬೇವಿನ ಮರದ ಕೆಳಗೆ ಸೋಮ್ಲಿಬಾಯಿ ದೂರವೇ ಕೂತಳು. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ..."

"ನಿಂದರ್ರಿ. ಇದು ಯಾವ ಭಾಷಾ?" ಎಂದಳು ಸುಂಕಮ್ಮ.

"ಕನ್ನಡ."

"ಯಾರ ಕನ್ನಡ? ನಂದಲ್ಲ. ನಿಮ್ಮ ಮನಿಯಾಗೂ ಹಿಂಗ ಮಾತಾಡಂಗಿಲ್ಲ, ನಾ ಕೇಳೀನಿ. ಡಾಕ್ಟ್ರ ಫಾರ್ಮಿಗೂ ಇದಕ್ಕೂ ಏನು ಫರಕು? ಹರೀರಿ."

ಇಪ್ಪತ್ತೆರಡು ವರ್ಷ ಪಾಠ ಮಾಡಿದ ಕೈಯಿಂದಲೇ ಹರಿದೆ. ಹೊಸ ಹಾಳೆಯಲ್ಲಿ ಸುಂಕಮ್ಮ ಹೇಳಿದ ಹಾಗೆ ಬರೆಯತೊಡಗಿದೆ. ಒಂದೊಂದು ಸಾಲು ಬರೆದ ಮೇಲೂ ಅವಳು ಅದನ್ನು ಸೋಮ್ಲಿಬಾಯಿಗೆ ಲಂಬಾಣಿಯಲ್ಲಿ ಹೇಳುತ್ತಿದ್ದಳು. ಸೋಮ್ಲಿಬಾಯಿ, "ಹೂಂ, ಬರೀರಿ" ಎಂದು ಕನ್ನಡದಲ್ಲೇ ಉತ್ತರಿಸುತ್ತಿದ್ದಳು. 'ಗರ್ಭಚೀಲ ತೆಗೆದದ್ದು ಸೋಮ್ಲಿಬಾಯಿಗೆ ಗೊತ್ತಿರಲಿಲ್ಲ' ಎಂಬ ಸಾಲಿಗೆ ಬಂದೆವು.

ಅಲ್ಲಿ ಸೋಮ್ಲಿಬಾಯಿ ಎದ್ದು ನಿಂತಳು. ಬಾಯಿ ತೆರೆದಳು. ಅದು ಕನ್ನಡವಲ್ಲ. ಬಳೆಗಳು ಮೊಣಕೈ ತನಕ ಗಲಗಲ ಎನ್ನುವಂತೆ ಕೈ ಬೀಸಿ, ಸುಂಕಮ್ಮನ ಮೂಗಿನ ಹತ್ತಿರ ಬೆರಳು ತಂದು, ಐದು ತಿಂಗಳದ್ದನ್ನೂ ಅದರ ಹಿಂದಿನದನ್ನೂ ಸೇರಿಸಿ ಸುರಿದಳು. ತಾಂಡಾದ ನಾಯಿಗಳು ಎದ್ದು ದೂರ ಹೋದವು. ಸುಂಕಮ್ಮ ತಲೆ ತಗ್ಗಿಸಿ ಕೇಳುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು.

"ಏನಂತಾಳ?" ಎಂದು ಕೇಳಿದೆ.

"ಬೈಯಾಕ ಹತ್ಯಾಳ. ಬಾಯಿ ಮುಚ್ಕೊಂಡು ಕುಂದರ್ರಿ." ಸ್ವಲ್ಪ ಹೊತ್ತಿನ ಮೇಲೆ, "ಯಾಡಿ ಅಂತಾನೇ ಬೈತಾಳ" ಎಂದಳು.

ಬೈಗುಳ ಮುಗಿದಾಗ ಸುಂಕಮ್ಮ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "'ಗೊತ್ತಿರಲಿಲ್ಲ' ಅನ್ನದು ಹೊಡೀರಿ. ಗೊತ್ತಿಲ್ಲ ಅಂದ್ರ ಅಕೀನ ದಡ್ಡಿ ಅಂದಂಗ ಆತು ಅಂತಾಳ. 'ಯಾರೂ ನನ್ನ ಕೇಳಲಿಲ್ಲ' ಅಂತ ಬರೀರಿ. ಅದರ ಕೆಳಗ ನನ್ನದು ಬರೀರಿ. 'ನಾನು ಓದಿಸಿಕೊಳ್ಳದೇ ಸಹಿ ಹಾಕೀನಿ. ಒಬ್ಬಾಕೀಗೆ ಅಲ್ಲ, ಭಾಳ ಜನಕ್ಕ ಹಾಕೀನಿ. ಹಾಕಿಸಿಕೊಂಡೋರು ಇಂಥೋರು.'"

"ನಿನ್ನ ಮೇಲೇ ನೀನು..."

"ಬರೀರಿ ಅಂದ್ನೆಲ್ಲ!"

ಬರೆದೆ. ಸೋಮ್ಲಿಬಾಯಿ ಹೆಬ್ಬೆಟ್ಟು ಒತ್ತಿದಳು. ಸುಂಕಮ್ಮ ಮೂರು ಸಲ ಓದಿಸಿಕೊಂಡು ಸಹಿ ಹಾಕಿದಳು. ಬಾಲ ಎಳೆಯಲಿಲ್ಲ, ಚುಕ್ಕೆ ಇಡಲಿಲ್ಲ.

ಅರ್ಜಿ ಕೊಟ್ಟ ಕಚೇರಿ ಯಾವುದೆಂದು ಹೇಳುವುದಿಲ್ಲ. ಸ್ವೀಕೃತಿ ಚೀಟಿ ಸಿಕ್ಕಿತು. ಮೂವರೂ ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಸೋಮ್ಲಿಬಾಯಿ ಚೀಟಿಯನ್ನು ಸುಂಕಮ್ಮನ ಕೈಗೆ ಕೊಟ್ಟು ಅವರ ಮಾತಿನಲ್ಲಿ ಏನೋ ಕೇಳಿದಳು. ಸುಂಕಮ್ಮ ಅದನ್ನು ನನಗೆ ಚಾಚಿದಳು.

"ಏನು ಬರದಾರ ಅಂತ ಕೇಳ್ತಾಳ. ಓದ್ರಿ."

ಎರಡೇ ಸಾಲು. ಎರಡೂ ಇಂಗ್ಲಿಷಿನಲ್ಲಿ. ನಾನು ಅರ್ಥ ಹೇಳಲು ಬಾಯಿ ತೆರೆದೆ, "ಅಂಥದ್ದೇನಿಲ್ಲ, ಅರ್ಜಿ ಬಂದು ತಲುಪಿದೆ ಅಂತ..."

"ನೀವ್ಯಾಕ ಹೇಳ್ತೀರಿ? ಬರದೋರು ಹೇಳ್ಲಿ" ಎಂದು ಸುಂಕಮ್ಮ ಚೀಟಿ ಕಿತ್ತುಕೊಂಡಳು. ಸೋಮ್ಲಿಬಾಯಿಗೆ ಎರಡು ಮಾತು ಹೇಳಿದಳು. ನಾನು ಬಸ್ಸು ಹೊರಡುವ ಹೊತ್ತಾಯಿತು ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಇಬ್ಬರೂ ಮತ್ತೆ ಮೆಟ್ಟಿಲು ಹತ್ತುತ್ತಿದ್ದರು, ಲಂಬಾಣಿಯಲ್ಲಿ ಜೋರಾಗಿ ಮಾತಾಡುತ್ತ. ಸೋಮ್ಲಿಬಾಯಿ ಎರಡು ಮೆಟ್ಟಿಲು ಮುಂದಿದ್ದಳು.