ಆಕಳಿಗೆ ಹಾಕಿದ ತೌಡು

ನನ್ನ ಮಗ ಸೂರತ್ ಹತ್ತಿರದ ಹಜೀರಾದಲ್ಲಿ ಕ್ರೇನ್ ಓಡಿಸುತ್ತಾನೆ. ನಲವತ್ತಾರು ವಯಸ್ಸು. ಹೋದ ವರ್ಷ ಒಂದು ದಿನ ಡ್ಯೂಟಿ ಅರ್ಧಕ್ಕೇ ಬಿಟ್ಟು ಬಂದು, ಕೊಕ್ಕೆಯ ಕೆಳಗೆ ನಿಂತ ಆಳು ಮಂಜು ಮಂಜಾಗಿ ಕಂಡ ಎಂದ. ನಮ್ಮಣ್ಣನಿಗೂ ಶುಗರ್ ಬಂದು ಕಣ್ಣು ಹೋದದ್ದು ಹೀಗೇ. ಹತ್ತು ವರ್ಷ ಗೋಡೆ ಸವರಿಕೊಂಡು ಓಡಾಡಿ ಸತ್ತ.

ರಕ್ತ ಪರೀಕ್ಷೆ ಮಾಡಿಸಿದೆವು. ಶುಗರೇ. ಕ್ರೇನ್ ಹತ್ತಬೇಡ, ಎಂಟು ದಿನ ಬಿಟ್ಟು ಕಣ್ಣಿನ ಹಿಂದಿನ ಪರದೆ ನೋಡೋಣ ಎಂದರು ಡಾಕ್ಟರು. ಊಟದ ವಿಚಾರ ಹೇಳಲು ಒಬ್ಬ ಗುಜರಾತಿ ಹುಡುಗಿಯ ಬಳಿ ಕಳಿಸಿದರು. ಆಕೆ ಹಿಂದಿಯಲ್ಲಿ ಏನೇನು ತಿನ್ನುತ್ತೀರಿ ಎಂದು ಕೇಳಿದಳು. ಹೊರಗಿನದೇನೂ ಇಲ್ಲ, ಅವ್ವ ಮನೆಯ ಪುಟ್ಟ ಕರೆಂಟು ಗಿರಣಿಯಲ್ಲೇ ಗೋಧಿ ಬೀಸಿ ಚಪಾತಿ ಮಾಡುತ್ತಾಳೆ ಎಂದ ಮಗ. ಬಹಳ ಒಳ್ಳೆಯದು ಎಂದು ಬರೆದುಕೊಂಡಳು.

ಬೀಸುತ್ತಿದ್ದದ್ದು ನಿಜ. ಬೀಸಿದ ಮೇಲೆ ಸಾಣಿಗೆ ಹಿಡಿದು, ಮತ್ತೆ ತೆಳು ಬಟ್ಟೆಯಲ್ಲಿ ಸೋಸಿ, ತೌಡನ್ನೆಲ್ಲ ಕಾಲೊನಿ ಗೇಟಿನ ಆಕಳಿಗೆ ಹಾಕುತ್ತಿದ್ದೆ. ಸೊಸೆ ಕೆಲಸಕ್ಕೆ ಹೋಗುತ್ತಾಳೆ, ಅಡುಗೆ ನನ್ನದೇ. ನಾನು ತೌಡಿನ ರೊಟ್ಟಿ ತಿಂದು ಬೆಳೆದವಳು. ಮಗನ ಬುತ್ತಿಯಲ್ಲಾದರೂ ಬಿಳಿ ಚಪಾತಿ ಇರಬೇಕೆಂಬ ಹಟ. ಜೊತೆಗೆ ಬೆಳಗಿನ ಚಹಾಕ್ಕೆ ಮೈದಾದ ಖಾರಿ ಬಿಸ್ಕೀಟು, ರಾತ್ರಿ ಬಿಳಿ ಅನ್ನ.

ಹೇಳಿದರೆ ಮಗನ ಕಣ್ಣು ಕಳೆದವಳು ನಾನೇ ಎಂದಾಗುತ್ತದೆ. ಹೇಳದಿದ್ದರೆ ನಾಳೆಯೂ ಅದೇ ಹಿಟ್ಟು. ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಹಿಂದಿ ಬಾಯಿಗೆ ಬರಲಿಲ್ಲ.

"ಹೇಳೋ ಆಕೀಗೆ. ತೌಡೆಲ್ಲಾ ತಗದು ಆಕಳಿಗೆ ಹಾಕ್ತಾಳ ನಮ್ಮವ್ವ ಅಂತ."

ಮಗ ನನ್ನ ಮುಖ ನೋಡಿದ. "ಅದಕ್ಕ ಆ ಆಕಳು ಅಷ್ಟು ಗಟ್ಟಿಮುಟ್ಟ ಐತಿ ಬಿಡು," ಎಂದು ನಕ್ಕು, ಆಕೆಗೆ ಹಿಂದಿಯಲ್ಲಿ ತಿಳಿಸಿದ.

ನನಗೆ ನಗು ಬರಲಿಲ್ಲ. ಹುಡುಗಿ ಬರೆದದ್ದನ್ನು ಹೊಡೆದುಹಾಕಿದಳು. ಬರೀ ಹಿಟ್ಟಿನಿಂದ ಬಂದ ಕಾಯಿಲೆಯಲ್ಲ, ವಂಶದಲ್ಲಿದೆ, ಹೊಟ್ಟೆಯೂ ಬಂದಿದೆ ಎಂದಳು. ಇನ್ನು ಮೇಲೆ ಸಾಣಿಸುವುದು ಬೇಡ, ಖಾರಿ ಬೇಡ, ತೌಡಿದೆ ಎಂದು ಆರು ಚಪಾತಿ ತಿನ್ನುವಂತೆಯೂ ಇಲ್ಲ, ಎರಡು ಸಾಕು, ಮಾತ್ರೆ ಬಿಡಬಾರದು.

ಆ ಎಂಟು ದಿನ ಅವನು ಲೋಟಕ್ಕೆ ನೀರು ಬಗ್ಗಿಸುವಾಗಲೆಲ್ಲ ಹೊರಗೆ ಚೆಲ್ಲುತ್ತಾನೋ ಎಂದು ನೋಡುತ್ತಿದ್ದೆ. ಸಾಣಿಸದ ಹಿಟ್ಟಿನ ಚಪಾತಿ ಅಂಚು ಸೀಳುತ್ತಿತ್ತು. ಎರಡೇ ತಿಂದು ಏಳುತ್ತಿದ್ದ.

ಪರೀಕ್ಷೆಯ ದಿನ ಕಣ್ಣಿಗೆ ಹನಿ ಹಾಕಿ ಒಳಗೆ ಕರೆದುಕೊಂಡರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಪರದೆಯ ಮೇಲೆ ಎರಡು ಮೂರು ರಕ್ತದ ಚುಕ್ಕಿ ಇವೆ, ನೋಟ ಹೋಗಿಲ್ಲ, ಶುಗರ್ ಹಿಡಿತದಲ್ಲಿಟ್ಟರೆ ಉಳಿಸಿಕೊಳ್ಳಬಹುದು ಎಂದರು. ಉಳಿಯುತ್ತದೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ಈಗ ಶುಗರ್ ಇಳಿದಿದೆ, ಮಂಜೂ ಸರಿದಿದೆ. ಆದರೂ ದಿನಾ ಬೆಳಗ್ಗೆ ಎದುರು ಬಾಲ್ಕನಿಯ ಬಟ್ಟೆ ಯಾವ ಬಣ್ಣ ಎಂದು ಕೇಳುತ್ತೇನೆ. ಮೊನ್ನೆ ಅವನಿಗೆ ಬೇಸರ ಬಂತು.

"ಹಸಿರು ಸೀರಿ, ಅವ್ವಾ. ನಿನ್ನೀದೇ. ಅವರಿನ್ನೂ ತಗದಿಲ್ಲ."

ಎದ್ದು ಹೋಗಿ ನೋಡಿ ಬಂದೆ.