ಕ್ಯಾಸೆಟ್‌ನೊಳಗಿನ ಅಣ್ಣನ ದನಿ

ಸತ್ತವರು ಮಾತನಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುವವನಲ್ಲ, ಜಗಳಕ್ಕೇ ನಿಲ್ಲುವವನು. ಇಚಲಕರಂಜಿಯಲ್ಲಿ ಜೀವಮಾನವಿಡೀ ಪವರ್‌ಲೂಮ್ ಓಡಿಸಿದವನಿಗೆ ದೆವ್ವದ ಜೊತೆ ಹರಟಲು ಪುರುಸೊತ್ತೆಲ್ಲಿ? ಆದರೆ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಎಂಬತ್ತರ ದಶಕದಲ್ಲಿ ನಮ್ಮ ಶೆಡ್ಡಿನಲ್ಲಿ ಒಂದು ಟೇಪ್ ಇತ್ತು. ನಾನು, ನನ್ನ ಅಣ್ಣ ಮಲ್ಲಪ್ಪ, ಅವನ ಜೀವದ ಗೆಳೆಯ ಶಂಕರ, ಮೂವರೂ ಸೇರಿ ಕೊಂಡದ್ದು. ಅದು ಹಾಡುತ್ತಿತ್ತು ಅಷ್ಟೇ. ರೆಕಾರ್ಡಿಂಗ್ ಗುಂಡಿಯೇ ಇರಲಿಲ್ಲ. ಮಗ್ಗಗಳು ಓಡುವಾಗ ಪಕ್ಕದವನ ಮಾತೂ ಕೇಳದು, ಎಲ್ಲ ಕೈಸನ್ನೆಯಲ್ಲೇ. ಹಾಗಾಗಿ ಕರೆಂಟ್ ಯಾವಾಗ ಹೋದೀತೆಂದು ಕಾಯುತ್ತಿದ್ದೆವು. ಹೋದ ಕೂಡಲೇ ಸೆಲ್ ಹಾಕಿ ಟೇಪ್ ಹಚ್ಚಿದರೆ ಇಡೀ ಗಲ್ಲಿ ಕಿವಿಗೊಡುತ್ತಿತ್ತು. ಅಣ್ಣನಿಗೆ ಕನ್ನಡ ಹಾಡು ಬೇಕು, ಶಂಕರನಿಗೆ ಹಿಂದಿಯ ಡಿಸ್ಕೋ. ಆಹಾ, ಏನು ದಿನಗಳವು!

ಅಂಥದೇ ಒಂದು ಮಧ್ಯಾಹ್ನ, ಕರೆಂಟ್ ಹೋದಾಗ, ಅವರಿಬ್ಬರನ್ನು ಬಿಟ್ಟು ನಾವೆಲ್ಲ ಚಹಾಕ್ಕೆ ಹೋಗಿದ್ದೆವು. ತಿರುಗಿ ಬರುವಷ್ಟರಲ್ಲಿ ಕರೆಂಟ್ ಬಂದಿತ್ತು. ಅಣ್ಣ ನೆಲದ ಮೇಲಿದ್ದ, ಹಣೆಯ ಪಕ್ಕದ ಕಣತಲೆ ಒಡೆದು ಮುಖವೆಲ್ಲ ರಕ್ತ. "ಧೋಟಾ ಹಾರಿ ಬಡೀತೋ!" ಎಂದು ಶಂಕರ ಎದೆ ಬಡಿದುಕೊಂಡು ಅಳುತ್ತಿದ್ದ. ಮಗ್ಗದ ಲಾಳಿಗೆ ನಮ್ಮಲ್ಲಿ ಧೋಟಾ ಎನ್ನುತ್ತಾರೆ; ಎರಡೂ ತುದಿಗೆ ಕಬ್ಬಿಣದ ಮೊನೆ. ಕರೆಂಟ್ ಬಂದ ರಭಸಕ್ಕೆ ಅದು ಹಾರುವುದು ಹೊಸತೇನಲ್ಲ. ಎಚ್ಚರವಾಗದೆಯೇ ಮೂರನೆಯ ದಿನ ಅಣ್ಣ ತೀರಿಕೊಂಡ. ಶಂಕರನ ಮಾತನ್ನು ಎಲ್ಲರೂ ನಂಬಿದರು, ನಾನೂ ನಂಬಿದೆ.

ಮೂವತ್ತು ವರ್ಷ ದಾಟಿದ ಮೇಲೆ, ಮಗ್ಗದ ರಜೆಯ ದಿನ ಅದೇ ಶಂಕರ ಫೋನ್ ಮಾಡಿದ. "ಅಟ್ಟದ ಮ್ಯಾಲ ನಮ್ಮ ಟೇಪ್ ಸಿಕ್ಕೈತಿ, ಕ್ಯಾಸೆಟ್ಟೂ ಅದಾವ. ಬಾರೋ, ಚುರಮುರಿ ತಿನಕೋತ ಹಾಡ ಕೇಳೂಣು."

ಹೋದೆ. ತಲೆ ನರೆತ ಇಬ್ಬರೂ ತೊಡೆಯ ಮೇಲೆ ತಾಳ ಹಾಕುತ್ತ ಕೂತೆವು. ಮೂರನೆಯ ಹಾಡಿನ ನಡುವೆ ವಾದ್ಯಗಳು ನಿಂತವು. ಅಣ್ಣನ ದನಿ ಬಂತು, ಏದುಸಿರಿನ ದನಿ.

"ಆತೋ ಮಾರಾಯಾ, ನಿಂದೇ ಕ್ಯಾಸೆಟ್ ಹಾಕು. ಶಂಕ್ರ್ಯಾ, ಧೋಟಾ ಕೆಳಗ ಇಡು! ಇಡೋ!"

ಆಮೇಲೆ ತೆಂಗಿನಕಾಯಿ ಒಡೆದಂಥ ಸದ್ದು. ಹಾಡು ಮತ್ತೆ ಶುರುವಾಯಿತು.

ಶಂಕರನ ಮುಖ ಸುಣ್ಣವಾಗಿತ್ತು. ಅವನಿಗೂ ಕೇಳಿಸಿತ್ತು. ಅವನ ಅಂಗಿ ಹಿಡಿದೆತ್ತಿ ಗೋಡೆಗೆ ಅಪ್ಪಳಿಸಿದೆ, ಬಾಯಿಯ ಮೇಲೆ ಗುದ್ದಿದೆ, ಎರಡು ಹಲ್ಲು ಚುರಮುರಿಯಲ್ಲಿ ಬಿದ್ದವು. ಎದೆಯ ಮೇಲೆ ಕೂತು ಆ ಟೇಪನ್ನೇ ಎತ್ತಿ ಹಣೆಗೆ ಹೊಡೆದೆ. ಅವನು ಕೈ ಅಡ್ಡ ತರಲಿಲ್ಲ.

"ಹೊಡಿ. ನಾನೇ ಹೊಡದೇನಿ ಅವನ್ನ. ಒಂದು ಹಾಡಿನ ಸಲುವಾಗಿ ಹೊಡದೇನಿ. ನೀನರ ನನ್ನ ಮುಗಸಿಬಿಡು."

ಅವನ ಹೆಂಡತಿ ಓಡಿಬಂದು ನನ್ನ ಕೂದಲು ಹಿಡಿದು ಎಳೆಯದಿದ್ದರೆ ಮುಗಿಸಿಯೇ ಬಿಡುತ್ತಿದ್ದೆ. ಹೊಡೆದದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ, ಸುಳ್ಳು ಯಾಕೆ ಹೇಳಲಿ? ದವಾಖಾನೆಯಲ್ಲಿ ಅವನು ಅಟ್ಟದಿಂದ ಬಿದ್ದೆ ಎಂದನಂತೆ.

ಟೇಪ್ ಚೂರಾಗಿತ್ತು, ಕ್ಯಾಸೆಟ್ ಉಳಿದಿತ್ತು. ಕೊಲ್ಹಾಪುರದ ಒಬ್ಬ ರಿಪೇರಿಯವನ ಹತ್ತಿರ ಒಯ್ದು ಎರಡೂ ಬದಿ ನಾಲ್ಕು ಸಲ ಕೇಳಿದೆ. ಬರೀ ಹಾಡು. ಭ್ರಮೆ ಎನ್ನೋಣವೇ? ಒಂದೇ ಭ್ರಮೆ ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಹೇಗಾದೀತು? ನನಗಂತೂ ಬಗೆಹರಿದಿಲ್ಲ.

ಗಡಹಿಂಗ್ಲಜದಲ್ಲಿರುವ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಎಲ್ಲವನ್ನೂ ಹೇಳಿದೆ. ಮದುವೆಯಾದ ಎರಡೇ ವರ್ಷಕ್ಕೆ ವಿಧವೆಯಾದವರು. ಶಂಕರನಿಗೆ ಹಿಡಿಶಾಪ ಹಾಕುತ್ತಾರೆ, ಪೊಲೀಸರ ಹತ್ತಿರ ಹೋಗೋಣ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು.

"ಅವರು ನನ್ನ ಹೆಸರ ತಗೊಂಡ್ರೇನು?"

"ಹೌದ್ರಿ ವೈನಿ, ತಗೊಂಡ," ಎಂದುಬಿಟ್ಟೆ.