ಅವರೆಕಾಳು ಮತ್ತು ಒಂದು ಮಣಿಕಟ್ಟು

ಹೆಂಡತಿಯ ಬಲಗೈಗೆ ಆಪರೇಷನ್ ಆಗಿದ್ದು ತೊಂಬತ್ತೊಂದರಲ್ಲೋ ತೊಂಬತ್ತೆರಡರಲ್ಲೋ. ಗುರುತು ಹುಡುಕಿದರೆ ಅದು ಮಣಿಕಟ್ಟಿನ ಗೆರೆಯಲ್ಲೇ ಸೇರಿಹೋಗಿದೆ, ಅಷ್ಟು ಸಣ್ಣ ಗಾಯ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಹೊಂದಿಸಿಕೊಂಡದ್ದೆಷ್ಟು ಎಂಬುದನ್ನು ಅವಳನ್ನೇ ಕೇಳಬೇಕು.

ಆಗ ನಾವು ಮುಂಬಯಿಯ ದಹಿಸರ್‌ನಲ್ಲಿದ್ದೆವು. ನನ್ನ ತಾಯಿಯೂ ಜೊತೆಗಿದ್ದರು. ಹೆಂಡತಿ ಚರ್ಚ್‌ಗೇಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಅವಳ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಜೋಮು ಹಿಡಿಯತೊಡಗಿದವು. ನಿದ್ದೆಯಿಂದೆದ್ದು ಕೈ ಕೊಡವುತ್ತಿದ್ದಳು. ವಾಯು ಎಂದು ಅಮ್ಮ ತೀರ್ಮಾನಿಸಿದರು. ಬೆಂಗಳೂರಿನವರಾದ ನಮಗೆ ವಾಯು ಎಂದರೆ ಮೊದಲ ಅನುಮಾನ ಅವರೆಕಾಯಿಯ ಮೇಲೆ. ಆ ಚಳಿಗಾಲ ಮನೆಗೆ ಅವರೆಕಾಯಿ ಬರಲಿಲ್ಲ. ವಿಜ್ಞಾನ ಓದಿದ್ದ ನಾನು ಅದನ್ನು ಒಪ್ಪಿದೆನೋ, ಸುಮ್ಮನಿದ್ದೆನೋ, ಈಗ ಹೇಳಲಾರೆ. ಜೋಮು ಮಾತ್ರ ಬಿಡಲಿಲ್ಲ. ಮಳೆಗಾಲದ ಹೊತ್ತಿಗೆ ಬ್ಲೌಸಿನ ಹುಕ್ಕೂ ಬೆರಳಿಗೆ ಸಿಗುತ್ತಿರಲಿಲ್ಲ.

"ಟೈಪಿಂಗ್ ಹೇಗೋ ಆಗತ್ತೆ, ಕೀ ಬಿದ್ದದ್ದು ಕಿವಿಗೆ ಕೇಳತ್ತೆ. ಆದ್ರೆ ಏನು ಮುಟ್ಟಿದ್ರೂ ಬೇರೆ ಯಾರದೋ ಕೈಯಲ್ಲಿ ಮುಟ್ಟಿದ ಹಾಗಿರತ್ತೆ ರೀ," ಎಂದಳು.

ಪರೇಲ್‌ನ ಒಂದು ಆಸ್ಪತ್ರೆಯ ಸರ್ಜನ್ ವಿವರಿಸಿದರು: ಮಣಿಕಟ್ಟಿನೊಳಗೆ ಒಂದು ಗಟ್ಟಿ ಪಟ್ಟಿ ನರವನ್ನು ಅದುಮುತ್ತಿದೆ. ಅಂಗೈ ಸೀಳಬೇಕಿಲ್ಲ. ಸಣ್ಣ ತೂತಿನಿಂದ ಕೊಳವೆಯಂಥ ಕ್ಯಾಮೆರಾ ಬಿಟ್ಟು, ಟಿವಿಯಲ್ಲಿ ನೋಡುತ್ತ ಪಟ್ಟಿ ಕತ್ತರಿಸುವ ಹೊಸ ವಿಧಾನ ಬಂದಿದೆ. ನೋವು ಹೋಗುತ್ತದೆ. ಆದರೆ ತಡವಾಗಿ ಬಂದಿದ್ದೀರಿ, ಸ್ಪರ್ಶ ಪೂರ್ತಿ ಮರಳುತ್ತದೆಂದು ಮಾತು ಕೊಡಲಾರೆ.

ಮನೆಗೆ ಬಂದು ಹೇಳಿದಾಗ ಅಮ್ಮ, "ಟಿವಿ ನೋಡ್ಕೊಂಡು ಆಪರೇಷನ್ನಾ? ಭಾನುವಾರ ಬೆಳಿಗ್ಗೆ ಮಾತ್ರ ಬೇಡ ಕಣೋ, ಡಾಕ್ಟರು ಸೀರಿಯಲ್ ಹಾಕ್ಕೊಂಡು ಕೂತಾರು," ಎಂದರು.

"ಬಿಡಿ ಅತ್ತೆ, ನಾನೂ ನೋಡ್ತೀನಿ," ಎಂದು ಹೆಂಡತಿ ನಕ್ಕಳು.

ಹಾಗೇ ಆಯಿತು. ಕೈಗೆ ಮಾತ್ರ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದ್ದರಿಂದ ಅವಳು ಎಚ್ಚರವಾಗಿದ್ದಳು. ತಲೆ ತಿರುಗಿಸಿ ನೋಡಿದಳಂತೆ: ಬಿಳಿ ಪಟ್ಟಿ ನಿಧಾನವಾಗಿ ಬಿಟ್ಟುಕೊಂಡು ಎರಡಾಯಿತು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಆದರೂ ಆ ಪಟ್ಟಿ ನನ್ನ ಕಣ್ಣಿಗೆ ಕಟ್ಟಿದೆ. ಅವಳ ನೆನಪನ್ನು ಯಾವಾಗಲೋ ನನ್ನದು ಮಾಡಿಕೊಂಡಿದ್ದೇನೆ.

ನೋವು ಬೇಗ ಹೋಯಿತು. ಬೆರಳ ತುದಿಗಳು ಮಂಕಾಗಿಯೇ ಉಳಿದವು. ಚಳಿಗಾಲ ಬಂದಾಗ ಅಮ್ಮನೇ, "ಬೈಕುಲ್ಲಾ ಮಾರ್ಕೆಟ್ಟಿಗೆ ಅವರೆ ಬಂದಿದೆಯಾ ನೋಡ್ಕೊಂಡು ಬಾ," ಎಂದರು. ನೆನೆಸಿದ ಕಾಳನ್ನು ನಡುವೆ ಇಟ್ಟುಕೊಂಡು ಅತ್ತೆ ಸೊಸೆ ಹಿತುಕಲು ಕೂತರು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕಳಚಿ ಬೇಳೆ ಹಾರಬೇಕು. ಅವಳ ಕೈಯಲ್ಲಿ ಕಾಳು ಜಜ್ಜಿಹೋಗುತ್ತಿತ್ತು. ಅಮ್ಮ ಜಜ್ಜಿದ್ದನ್ನು ತಮ್ಮ ತಟ್ಟೆಗೆ ಎಳೆದುಕೊಳ್ಳುತ್ತಿದ್ದರು.

ಅವರೆ ಮುಗಿಯುವ ಕಾಲಕ್ಕೆ, ಒಂದು ಭಾನುವಾರ ಇರಬೇಕು, ಅವಳು ಟಿವಿಯತ್ತ ನೋಡುತ್ತಲೇ ಹಿತುಕುತ್ತಿದ್ದಳು. ಒಂದು ಕಾಳನ್ನು ಬೆರಳ ನಡುವೆ ಹೊರಳಿಸಿ, ಕಣ್ಣು ತಿರುಗಿಸದೆ ಪಕ್ಕಕ್ಕಿಟ್ಟಳು.

"ಯಾಕೇ?" ಎಂದರು ಅಮ್ಮ.

"ಬಲಿತಿದೆ ಅತ್ತೆ."

ಅಮ್ಮ ಅದನ್ನೆತ್ತಿ ಒತ್ತಿ ನೋಡಿದರು. ಬಲಿತಿತ್ತು.